ಶಿಲೆಯನ್ನು ಓದುವ ವಿದ್ಯೆ: ಚಂದ್ರನ ನೆಲವನ್ನು ಅರಸುವ ಸಂಶೋಧನ ವಿದ್ಯಾರ್ಥಿಯ ಬದುಕು

ಕಲ್ಲು ಮಾತನಾಡದೆಂಬುದು ಲೋಕರೂಢಿಯ ಮಾತು. ಆದರೆ ಓದಬಲ್ಲವನಿಗೆ ಕಲ್ಲಿನಷ್ಟು ನಿಷ್ಠೆಯಿಂದ ಸಾಕ್ಷಿ ನುಡಿಯುವ ವಸ್ತು ಇನ್ನೊಂದಿಲ್ಲ. ಬಿ. ಎಲ್. ರೈಸರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟದಲ್ಲಿ 1904ರಲ್ಲಿ ಬೆಳಕಿಗೆ ತಂದರು. ಅಲ್ಲಿಯವರೆಗೆ ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ನಿಂತಿದ್ದ ಎಷ್ಟೋ ಕಲ್ಲುಗಳು ದಾರಿಹೋಕರ ಪಾಲಿಗೆ ಬರಿಯ ಕಲ್ಲುಗಳಾಗಿದ್ದುವು; ಓದುವವರು ಬಂದೊಡನೆ ಅವೇ ಅರಸರ, ದಾನಿಗಳ, ವೀರರ ಚರಿತ್ರೆಯಾದುವು. ಶಾಸನವನ್ನು ಕೆತ್ತಿದ ಕೈ ಮನುಷ್ಯನದು. ಅದರ ವಯಸ್ಸನ್ನು ನೂರು ಸಾವಿರ ವರ್ಷಗಳಲ್ಲಿ ಎಣಿಸಬಹುದು. ಆದರೆ ಆ ಶಾಸನವನ್ನು ಹೊತ್ತ ಬಂಡೆಯಲ್ಲಿ ಮತ್ತೊಂದು ಬರಹವಿದೆ. ಅದನ್ನು ಬರೆದುದು ಬೆಂಕಿ, ಒತ್ತಡ, ನೀರು ಮತ್ತು ಕಾಲ. ಅದರ ವಯಸ್ಸನ್ನು ಕೋಟಿ ವರ್ಷಗಳಲ್ಲಿ ಎಣಿಸಬೇಕು. ಈ ಎರಡನೆಯ ಬರಹವನ್ನು ಓದುವವನು ಭೂವಿಜ್ಞಾನಿ. ಅದೇ ಕಣ್ಣಿನಿಂದ ಚಂದ್ರ ಮಂಗಳಾದಿಗಳ ನೆಲವನ್ನು ಓದಹೊರಟವನು ಗ್ರಹಭೂವಿಜ್ಞಾನಿ. ಆ ವಿದ್ಯೆಯಲ್ಲಿ ಇನ್ನೂ ಶಿಷ್ಯವೃತ್ತಿಯಲ್ಲಿರುವ ತರುಣ ತರುಣಿಯರ ಬದುಕು ಎಂಥದು, ಅವರ ದಾರಿಯಲ್ಲಿ ಲಾಭವೇನು, ನಷ್ಟವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಹೆಸರಿನ ವಿಚಾರ

ಮೊದಲು ಪದದ ತೊಡಕನ್ನು ಬಿಡಿಸಿಕೊಳ್ಳಬೇಕು. ‘ಭೂ’ ಎಂದರೆ ಪೃಥ್ವಿ. ಪೃಥ್ವಿಯಲ್ಲದ ಗೋಲದ ನೆಲವನ್ನು ಕುರಿತ ಶಾಸ್ತ್ರವನ್ನು ‘ಭೂವಿಜ್ಞಾನ’ವೆಂದು ಕರೆಯುವುದು ಉಚಿತವೇ ಎಂದು ವೈಯಾಕರಣರು ಕೇಳಬಹುದು. ಜಿಯಾಲಜಿ ಎಂಬ ಪದದ ಮೊದಲ ಭಾಗವೂ ಭೂಮಿಯನ್ನೇ ಸೂಚಿಸುವ ಗ್ರೀಕ್ ಶಬ್ದವಾದುದರಿಂದ ಈ ತೊಡಕು ಕನ್ನಡಕ್ಕೆ ಮಾತ್ರ ಬಂದುದಲ್ಲ. ಆದರೆ ಸಂಸ್ಕೃತದಲ್ಲಿ ‘ಭೂ’ ಶಬ್ದಕ್ಕೆ ನೆಲ, ಸ್ಥಾನ ಎಂಬ ಅರ್ಥಗಳೂ ಇವೆ. ರಂಗಭೂಮಿ, ಯುದ್ಧಭೂಮಿ ಎನ್ನುವಾಗ ಯಾರೂ ಭೂಗೋಲವನ್ನು ನೆನೆಯುವುದಿಲ್ಲ. ಆದುದರಿಂದ ಕಾಲಿಡಬಲ್ಲ ಗಟ್ಟಿನೆಲವುಳ್ಳ ಯಾವ ಗೋಲವೇ ಆಗಲಿ, ಅದರ ಶಿಲಾಸ್ವರೂಪದ ಅಧ್ಯಯನಕ್ಕೆ ಗ್ರಹಭೂವಿಜ್ಞಾನವೆಂಬ ಹೆಸರು ಸಲ್ಲುತ್ತದೆ.

ನಮ್ಮ ಕವಿಗಳು ಚಂದ್ರನನ್ನು ಶಶಾಂಕನೆಂದೂ ಮೃಗಾಂಕನೆಂದೂ ಕರೆದರು. ಅವನ ಮೈಮೇಲಿನ ಕಪ್ಪನ್ನು ಮೊಲವೆಂದೂ ಜಿಂಕೆಯೆಂದೂ ಕಳಂಕವೆಂದೂ ಬಗೆದುದರಿಂದ ಬಂದ ಹೆಸರುಗಳಿವು. ಗ್ರಹಭೂವಿಜ್ಞಾನದ ಮೊದಲ ಪಾಠ ಈ ಕಳಂಕದಿಂದಲೇ ಆರಂಭವಾಗುತ್ತದೆ. ಚಂದ್ರನ ಕಪ್ಪು ಭಾಗಗಳು ಬಸಾಲ್ಟ್ ಎಂಬ ಕಪ್ಪು ಶಿಲೆಯ ಬಯಲುಗಳು. ಒಳಗಿನಿಂದ ಉಕ್ಕಿದ ಲಾವಾರಸ ತಗ್ಗುಗಳನ್ನು ತುಂಬಿ ಹೆಪ್ಪುಗಟ್ಟಿ ಆದುವು. ಬೆಳ್ಳಗೆ ಹೊಳೆಯುವ ಭಾಗಗಳು ಎತ್ತರದ ಪ್ರದೇಶಗಳು. ಅಲ್ಲಿ ಅನಾರ್ಥೊಸೈಟ್ ಎಂಬ ಬಿಳಿಯ ಶಿಲೆ ಪ್ರಧಾನವಾಗಿದೆ. ಪ್ಲೇಜಿಯೋಕ್ಲೇಸ್ ಎಂಬ ಒಂದೇ ಖನಿಜ ಈ ಶಿಲೆಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟಿರುತ್ತದೆ. ಹೀಗೆ ಕವಿಗಳು ಕಂಡ ಕಳಂಕವೂ ಕಾಂತಿಯೂ ಶಿಲಾಭೇದದಿಂದ ಉಂಟಾದುವು. ಮುಂದಿನ ಕಥೆಯಲ್ಲಿ ಈ ಅನಾರ್ಥೊಸೈಟ್ ಶಿಲೆ ಮತ್ತೆ ಮತ್ತೆ ಬರುವುದರಿಂದ ಓದುಗರು ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಮನೆಯ ಅಂಗಳದ ಪಾಠ

ಚಂದ್ರನನ್ನು ಓದುವವನು ಮೊದಲು ತನ್ನ ಊರಿನ ಬಂಡೆಯನ್ನು ಓದಲು ಕಲಿಯಬೇಕು. ಈ ವಿಷಯದಲ್ಲಿ ತುಮಕೂರು ಸೀಮೆಯ ಮಕ್ಕಳು ಭಾಗ್ಯವಂತರು. ಈಚೆಗೆ ಕೈಗಾರಿಕೆಗಳಿಂದ ಹೆಸರಾದ ಸತ್ಯಮಂಗಲದಲ್ಲಿ ನಿಂತು ಸುತ್ತ ನೋಡಿದರೆ ಬಯಲ ಸೀಮೆಯ ನಡುವೆ ಅಲ್ಲಲ್ಲಿ ಎದ್ದಿರುವ ಗುಡ್ಡಬಂಡೆಗಳು ಕಾಣುತ್ತವೆ. ಈ ಸೀಮೆಗೆ ತಳಹದಿಯಾಗಿರುವುದು ಬಿಳಿ ಕಪ್ಪು ಪಟ್ಟೆಗಳುಳ್ಳ ನೀಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಎಂಬ ವಿದ್ವಾಂಸರು 1916ರಲ್ಲಿ ಇದಕ್ಕೆ ‘ಪೆನಿನ್ಸುಲರ್ ನೀಸ್’ ಎಂದು ಹೆಸರಿಟ್ಟರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದೇ ಜಾತಿಯದು. ಸುಮಾರು 300 ಕೋಟಿ ವರ್ಷಗಳ ಹಿಂದಿನದು. ಉತ್ತರಕ್ಕೆ ಮಧುಗಿರಿ ಪಾವಗಡಗಳ ಕಡೆ ಹೋದರೆ ಕ್ಲೋಸ್‌ಪೇಟೆ ಗ್ರ್ಯಾನೈಟ್ ಎದುರಾಗುತ್ತದೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ತೆಂಕಣಿಂದ ಬಡಗಣಕ್ಕೆ ಸುಮಾರು 400 ಕಿಲೋಮೀಟರ್ ಚಾಚಿರುವ ಈ ಗ್ರ್ಯಾನೈಟಿನ ಪಟ್ಟಿ ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾರಸವಾಗಿ ಮೇಲೆದ್ದು ಗಟ್ಟಿಯಾಯಿತು. ಪಶ್ಚಿಮಕ್ಕೆ ಚಿಕ್ಕನಾಯಕನಹಳ್ಳಿಯ ಕಡೆ ನಡೆದರೆ ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲುಗಳನ್ನು ಒಡಲಲ್ಲಿಟ್ಟುಕೊಂಡ ಚಿತ್ರದುರ್ಗದ ಪದರುಶಿಲೆಗಳ ಪಟ್ಟಿ ಸಿಗುತ್ತದೆ. ಒಂದು ದಿನದ ಪ್ರಯಾಣದಲ್ಲಿ ಮೂರು ಯುಗಗಳ ಪುಟಗಳನ್ನು ತಿರುವಿ ಹಾಕಬಹುದಾದ ಇಂಥ ಸೀಮೆಗಳು ಲೋಕದಲ್ಲಿ ಹೆಚ್ಚಿಲ್ಲ.

ಈ ಪುಟಗಳನ್ನು ಓದುವ ಪರಂಪರೆಯೂ ಕನ್ನಡ ನಾಡಿನಲ್ಲಿ ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪನೆಯಾದುದು 1894ರಲ್ಲಿ. ಆ ಇಲಾಖೆಯಲ್ಲಿ ಬೆಳೆದ ಬಿ. ಪಿ. ರಾಧಾಕೃಷ್ಣರು ಕ್ಲೋಸ್‌ಪೇಟೆ ಗ್ರ್ಯಾನೈಟನ್ನು ಕುರಿತು ಬರೆದ ಗ್ರಂಥ ಇಂದಿಗೂ ಸ್ಮರಣೀಯವಾದುದು. ಭಾರತೀಯ ಭೂವೈಜ್ಞಾನಿಕ ಸಂಘ 1958ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಳ್ಳುವುದಕ್ಕೆ ಅವರ ಪರಿಶ್ರಮವೇ ಮುಖ್ಯ ಕಾರಣ.

ಆಕಾಶದಿಂದ ಬಂದ ಕಲ್ಲುಗಳ ಕಥೆಯೂ ಇಲ್ಲಿಗೆ ಹೊಸದಲ್ಲ. 1865ರ ಸೆಪ್ಟೆಂಬರಿನಲ್ಲಿ ಮದ್ದೂರಿನ ಬಳಿಯೂ 1866ರಲ್ಲಿ ಉಡುಪಿಯ ಸೀಮೆಯಲ್ಲಿಯೂ ಉಲ್ಕಾಶಿಲೆಗಳು ಬಿದ್ದುವು. 1865ರ ಆಗಸ್ಟಿನಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳಗ್ರಹದಿಂದ ಸಿಡಿದು ಬಂದುದೆಂದು ಮುಂದೆ ಒಂದು ಶತಮಾನಕ್ಕೂ ಮೇಲ್ಪಟ್ಟು ಕಳೆದಮೇಲೆ ಗೊತ್ತಾಯಿತು. ಮಂಗಳದ ಉಲ್ಕೆಗಳಲ್ಲಿ ಒಂದು ವರ್ಗಕ್ಕೆ ಇಂದು ವಿದ್ವಲ್ಲೋಕದಲ್ಲಿ ‘ಶೆರ್ಗೊಟೈಟ್’ ಎಂಬ ಹೆಸರೇ ಉಂಟು. ಭಾರತದ ಒಂದು ಸಣ್ಣ ಊರಿನ ಹೆಸರು ಹೀಗೆ ಇನ್ನೊಂದು ಗ್ರಹದ ಶಿಲೆಗೆ ಅಂಟಿಕೊಂಡಿತು.

ಶಿಷ್ಯನ ದಾರಿ

ಈ ವಿದ್ಯೆಗೆ ಬರುವವರ ದಾರಿ ನೇರವಲ್ಲ. ಪದವಿಪೂರ್ವ ತರಗತಿಯಲ್ಲಿ ಭೂವಿಜ್ಞಾನವನ್ನು ಕಲಿಸುವ ಕಾಲೇಜುಗಳು ವಿರಳ. ವಿಜ್ಞಾನ ಓದಿದ ಮಕ್ಕಳಲ್ಲಿ ಬಹುತೇಕರು ವೈದ್ಯಕೀಯ, ಎಂಜಿನಿಯರಿಂಗ್ ಎಂಬ ಎರಡು ಬಾಗಿಲುಗಳನ್ನಷ್ಟೆ ಬಲ್ಲರು. ಬಿ.ಎಸ್ಸಿ. ತರಗತಿಯಲ್ಲಿ ಭೂವಿಜ್ಞಾನವನ್ನು ಆರಿಸಿಕೊಂಡವರು ಮುಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಾಗಲಿ, ಬೆಂಗಳೂರಿನ ಜ್ಞಾನಭಾರತಿಯಲ್ಲಾಗಲಿ, ಧಾರವಾಡದಲ್ಲಾಗಲಿ ಎಂ.ಎಸ್ಸಿ. ಮುಗಿಸುತ್ತಾರೆ. ಆಮೇಲೆ ಅಖಿಲ ಭಾರತ ಮಟ್ಟದ ಪರೀಕ್ಷೆಯ ಹೊಸ್ತಿಲು ಎದುರಾಗುತ್ತದೆ. ಸಂಶೋಧನ ವೇತನಕ್ಕಾಗಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಭೂಮಿ, ವಾಯುಮಂಡಲ, ಸಾಗರ ಮತ್ತು ಗ್ರಹಗಳ ವಿಜ್ಞಾನವು ಒಂದೇ ಪತ್ರಿಕೆಯಾಗಿದೆ. ಆ ಪ್ರಶ್ನೆಗಳು ಇಂಗ್ಲಿಷ್ ಹಿಂದಿಗಳಲ್ಲಿರುವುದರಿಂದ ಕನ್ನಡ ಮಾಧ್ಯಮದಿಂದ ಬಂದವರು ಮೊದಲ ಹೆಜ್ಜೆಯಲ್ಲಿಯೇ ಇಮ್ಮಡಿ ಶ್ರಮ ಪಡಬೇಕಾಗುತ್ತದೆ.

ಪರೀಕ್ಷೆ ದಾಟಿದವರಿಗೆ ವೇತನದ ಆಸರೆಯುಂಟು. 2023ರ ಜನವರಿಯಿಂದ ಅನ್ವಯಿಸುವಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ಅದನ್ನು ನಿಗದಿಪಡಿಸಲಾಯಿತು. ವಿಕ್ರಮ್ ಸಾರಾಭಾಯಿಯವರು 1947ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪಿಸಿದ ಭೌತ ಸಂಶೋಧನಾಲಯವು ಗ್ರಹವಿಜ್ಞಾನಕ್ಕೆ ದೇಶದಲ್ಲಿಯೇ ಹಿರಿಯ ಪೀಠ. ಅಪೋಲೋ ಯಾತ್ರೆಗಳಲ್ಲಿ ತಂದ ಚಂದ್ರಶಿಲೆಯ ತುಣುಕುಗಳನ್ನು 1970ರ ದಶಕದಲ್ಲಿ ಅಲ್ಲಿ ಪರಿಶೋಧಿಸಿದರು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು. ಆರ್. ರಾಯರು ಸಾರಾಭಾಯಿಯವರ ಶಿಷ್ಯರಾಗಿ ವಿಶ್ವಕಿರಣಗಳ ಸಂಶೋಧನೆ ನಡೆಸಿದುದು ಅದೇ ಸಂಸ್ಥೆಯಲ್ಲಿ. ಅವರೇ ಮುಂದೆ 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ನಿರ್ಮಾಣಕ್ಕೆ ನಾಯಕರಾದರು. 1984ರಿಂದ 1994ರವರೆಗೆ ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾದರು. ಹಳ್ಳಿಯ ಶಾಲೆಯಿಂದ ಸಂಶೋಧನಾಲಯಕ್ಕೆ ದಾರಿ ಇದೆಯೆಂಬುದಕ್ಕೆ ಈ ಒಂದು ಬಾಳು ಸಾಕು.

ನಿತ್ಯದ ದುಡಿಮೆ

ಗ್ರಹಭೂವಿಜ್ಞಾನದ ವಿದ್ಯಾರ್ಥಿಯೆಂದರೆ ಹಗಲಿರುಳು ದೂರದರ್ಶಕಕ್ಕೆ ಕಣ್ಣಿಟ್ಟು ಕೂತವನೆಂದು ಬಗೆಯುವವರುಂಟು. ವಾಸ್ತವವಾಗಿ ಅವನ ದುಡಿಮೆ ನಾಲ್ಕು ಬಗೆಯದು.

ಮೊದಲನೆಯದು ಕ್ಷೇತ್ರಕಾರ್ಯ. ಚಂದ್ರನ ಕುಳಿಗಳನ್ನು ಅರಿಯಲು ಭೂಮಿಯ ಕುಳಿಗಳನ್ನು ನೋಡಬೇಕು. ಮಹಾರಾಷ್ಟ್ರದ ಲೋಣಾರ ಸರೋವರವು ಉಲ್ಕಾಪಾತದಿಂದಾದ ಕುಳಿ. ಅದರ ವ್ಯಾಸ ಸುಮಾರು 1.8 ಕಿಲೋಮೀಟರ್. ಬಸಾಲ್ಟ್ ಶಿಲೆಯಲ್ಲಿ ಆದ ಕುಳಿಯಾದುದರಿಂದ ಚಂದ್ರ ಮಂಗಳಗಳ ಕುಳಿಗಳಿಗೆ ಅದು ಒಳ್ಳೆಯ ಹೋಲಿಕೆ. ಕಚ್ಛದ ಮಾತಾನೋಮಢದಲ್ಲಿ ಜಾರೊಸೈಟ್ ಎಂಬ ಖನಿಜ ದೊರೆಯುತ್ತದೆ. ಅಮೆರಿಕದ ಆಪರ್ಚುನಿಟಿ ನೌಕೆ 2004ರಲ್ಲಿ ಅದೇ ಖನಿಜವನ್ನು ಮಂಗಳದ ಮೇಲೆ ಕಂಡಿತು. ನೀರಿನ ಸಂಪರ್ಕವಿಲ್ಲದೆ ಈ ಖನಿಜ ಹುಟ್ಟುವುದಿಲ್ಲ. ಆದುದರಿಂದ ಕಚ್ಛದ ಒಣನೆಲದಲ್ಲಿ ಅಲೆಯುವ ವಿದ್ಯಾರ್ಥಿನಿ ಮಂಗಳದಲ್ಲಿ ಒಂದಾನೊಂದು ಕಾಲಕ್ಕೆ ಇದ್ದ ನೀರಿನ ವಿಚಾರವನ್ನೇ ಕೇಳುತ್ತಿರುತ್ತಾಳೆ.

ಎರಡನೆಯದು ಪ್ರಯೋಗಶಾಲೆಯ ಕೆಲಸ. ಶಿಲೆಯನ್ನು ಕೊಯ್ದು, ಗಾಜಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗುವವರೆಗೆ ತೇಯಬೇಕು. ಆಗ ಬೆಳಕು ಕಲ್ಲನ್ನು ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಪ್ರತಿಯೊಂದು ಖನಿಜವೂ ತನ್ನ ಬಣ್ಣದಿಂದ ಹೆಸರು ಹೇಳುತ್ತದೆ. ಒಂದು ಕ್ಷಣದ ಅಜಾಗ್ರತೆಯಿಂದ ಎರಡು ದಿನಗಳ ಕೆಲಸ ಪುಡಿಯಾಗುವುದುಂಟು. ಗಂಧ ತೇಯುವವನ ತಾಳ್ಮೆಯಿಲ್ಲದವನಿಗೆ ಈ ವಿದ್ಯೆ ಒಲಿಯದು.

ಮೂರನೆಯದು ಬೆಳಕಿನ ಓದು. ನೌಕೆಯ ಉಪಕರಣವು ಚಂದ್ರನಿಂದ ಪ್ರತಿಫಲಿಸಿದ ಬಿಸಿಲನ್ನು ನೂರಾರು ಬಣ್ಣಗಳಾಗಿ ಒಡೆದು ಕಳುಹಿಸುತ್ತದೆ. ಯಾವ ಖನಿಜ ಯಾವ ಬಣ್ಣವನ್ನು ನುಂಗುತ್ತದೆಂಬುದು ಮೊದಲೇ ಗೊತ್ತಿರುವುದರಿಂದ, ಕಾಣೆಯಾದ ಬಣ್ಣವನ್ನು ಹಿಡಿದು ಇರುವ ಖನಿಜವನ್ನು ಊಹಿಸಬಹುದು. ಚಂದ್ರಯಾನ-1ರಲ್ಲಿದ್ದ ಅಮೆರಿಕದ ಎಂ3 ಎಂಬ ಉಪಕರಣವು ಈ ವಿಧಾನದಿಂದಲೇ ಚಂದ್ರನ ಮೇಲೆ ನೀರಿನ ಅಂಶದ ಗುರುತನ್ನು ಹಿಡಿಯಿತು. ಅದು 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು.

ನಾಲ್ಕನೆಯದು ಎಣಿಕೆ. ಕಲ್ಲನ್ನು ಕೈಯಲ್ಲಿ ಹಿಡಿಯದೆ ನೆಲದ ವಯಸ್ಸನ್ನು ಹೇಳುವ ಉಪಾಯವೆಂದರೆ ಕುಳಿಗಳನ್ನು ಎಣಿಸುವುದು. ಹಳೆಯ ನೆಲದ ಮೇಲೆ ಹೆಚ್ಚು ಕುಳಿ, ಹೊಸ ನೆಲದ ಮೇಲೆ ಕಡಿಮೆ ಕುಳಿ. ತತ್ತ್ವ ಸರಳ; ಕೆಲಸ ಕಠಿನ. ಒಂದೊಂದು ಚಿತ್ರದಲ್ಲಿ ಸಾವಿರಾರು ಕುಳಿಗಳಿಗೆ ಗಣಕಯಂತ್ರದ ಪರದೆಯ ಮೇಲೆ ಒಂದೊಂದಾಗಿ ವೃತ್ತ ಹಾಕುತ್ತ ವಿದ್ಯಾರ್ಥಿ ತಿಂಗಳುಗಳನ್ನು ಕಳೆಯುತ್ತಾನೆ. ಕೊನೆಗೆ ದೊರೆಯುವುದು ಒಂದು ಸಂಖ್ಯೆ. ಅದರ ಜೊತೆಗೆ ಅದು ಎಷ್ಟರಮಟ್ಟಿಗೆ ತಪ್ಪಿರಬಹುದೆಂಬ ಇನ್ನೊಂದು ಸಂಖ್ಯೆ. ಈ ಎರಡನೆಯ ಸಂಖ್ಯೆಯನ್ನು ಮುಚ್ಚಿಡದೆ ಬರೆಯುವುದೇ ವಿಜ್ಞಾನದ ಸತ್ಯನಿಷ್ಠೆ.

ಇವೆಲ್ಲಕ್ಕೂ ಬೇಕಾದ ಚಿತ್ರಗಳೂ ಅಂಕಿಗಳೂ ಎಲ್ಲಿಂದ ಬರುತ್ತವೆ? ಬೆಂಗಳೂರಿಗೆ ಪಶ್ಚಿಮಕ್ಕೆ, ಮಾಗಡಿಯ ಸೀಮೆಗೆ ಸಮೀಪದಲ್ಲಿ, ಬ್ಯಾಲಾಳು ಎಂಬ ಹಳ್ಳಿಯಿದೆ. ಕುಣಿಗಲ್ಲಿನವರಿಗೂ ಅದು ದೂರದ ನೆಲವಲ್ಲ. ಅಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಎರಡು ಬೃಹತ್ ಗ್ರಾಹಕಗಳು ಆಕಾಶಕ್ಕೆ ಮುಖವೆತ್ತಿ ನಿಂತಿವೆ. ಸುಮಾರು 3,84,000 ಕಿಲೋಮೀಟರ್ ದೂರದ ಚಂದ್ರನಿಂದ ಬಂದ ಕ್ಷೀಣ ಸಂಕೇತಗಳನ್ನು ಹಿಡಿಯುವುದೂ, ಆ ಮಾಹಿತಿಯನ್ನು ಸಂರಕ್ಷಿಸಿ ಸಂಶೋಧಕರಿಗೆ ಒದಗಿಸುವುದೂ ಅಲ್ಲಿಂದಲೇ. ಹೆಸರು ನೋಂದಾಯಿಸಿಕೊಂಡ ಯಾವ ವಿದ್ಯಾರ್ಥಿಯಾದರೂ ಆ ಭಂಡಾರದಿಂದ ಉಚಿತವಾಗಿ ಪಡೆಯಬಹುದು. ಗ್ರಂಥಾಲಯವಿಲ್ಲದ ಊರಿನಲ್ಲಿದ್ದವನಿಗೂ ಇದು ಬಾಗಿಲು ತೆರೆದ ಗ್ರಂಥಾಲಯ.

ಚಂದ್ರನ ಮಣ್ಣು ಭೂಮಿಯ ಮೇಲೆ

ನೌಕೆ ಚಂದ್ರನ ಮೇಲೆ ಇಳಿಯುವುದಕ್ಕೆ ಮೊದಲು ಚಂದ್ರನಂಥ ಮಣ್ಣಿನ ಮೇಲೆ ಅಭ್ಯಾಸ ಮಾಡಬೇಕಷ್ಟೆ. ಅಂಥ ಮಣ್ಣನ್ನು ಹೊರದೇಶದಿಂದ ಕೊಳ್ಳುವುದು ಬಹು ದುಬಾರಿಯ ಮಾತು. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ಅನಾರ್ಥೊಸೈಟ್ ಶಿಲೆ ಇದೆಯೆಂಬುದು ಭೂವಿಜ್ಞಾನಿಗಳಿಗೆ ಹಿಂದಿನಿಂದಲೂ ಗೊತ್ತಿತ್ತು. ಸೇಲಂನ ಪೆರಿಯಾರ್ ವಿಶ್ವವಿದ್ಯಾನಿಲಯದ ಭೂವಿಜ್ಞಾನಿಗಳ ನೆರವಿನಿಂದ ಆ ಕಲ್ಲನ್ನು ಗುರುತಿಸಿ, ಚಂದ್ರಧೂಳಿಯ ಕಣದ ಗಾತ್ರಕ್ಕೆ ಸರಿಯಾಗಿ ಪುಡಿಮಾಡಿ, ಟನ್‌ಗಟ್ಟಲೆ ಬೆಂಗಳೂರಿಗೆ ಸಾಗಿಸಿದರು. ಆ ಕೃತಕ ಚಂದ್ರನೆಲದ ಮೇಲೆ ನೌಕೆಯ ಕಾಲುಗಳನ್ನೂ ಸಂಚಾರಿಯ ಗಾಲಿಗಳನ್ನೂ ಪರೀಕ್ಷಿಸಿದರು. ಚಂದ್ರನ ಸೆಳೆತ ಭೂಮಿಯದರ ಆರನೆಯ ಒಂದು ಪಾಲು ಮಾತ್ರ. ಆ ಹಗುರತನವನ್ನು ತೋರಿಸಲು ಸಂಚಾರಿಯನ್ನು ಹೀಲಿಯಂ ಬಲೂನಿಗೆ ತೂಗುಹಾಕಿ ನಡೆಸಿದರು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನ ಕುಳಿಗಳಂಥ ಹಳ್ಳಗಳನ್ನು ತೋಡಿ, ಇಳಿಯುವ ನೌಕೆಯ ಕಣ್ಣುಗಳಿಗೆ ಅಪಾಯವನ್ನು ಗುರುತಿಸುವ ಅಭ್ಯಾಸ ಮಾಡಿಸಿದರು.

ಇಲ್ಲಿ ಗಮನಿಸತಕ್ಕ ಮಾತೊಂದುಂಟು. ಸಿತ್ತಂಪೂಂಡಿಯ ಶಿಲೆಯನ್ನು ಮೊದಲು ಅಧ್ಯಯನ ಮಾಡಿದವರು ಚಂದ್ರಯಾನಕ್ಕಾಗಿ ಅದನ್ನು ಮಾಡಲಿಲ್ಲ. ತಮ್ಮ ನೆಲದ ಕಲ್ಲು ಏನೆಂದು ತಿಳಿಯುವ ಕುತೂಹಲದಿಂದ ಮಾಡಿದರು. ಕೂಡಲೆ ಪ್ರಯೋಜನ ಕಾಣದ ವಿದ್ಯೆಯು ದಶಕಗಳ ಅನಂತರ ದೇಶದ ಕಾರ್ಯಕ್ಕೆ ಒದಗಿತು.

ನಿರೀಕ್ಷೆ ಮತ್ತು ಆಘಾತ

ಈ ವಿದ್ಯಾರ್ಥಿಯ ಬದುಕಿನ ಅತ್ಯಂತ ಕಠಿನವಾದ ಅಂಶವೆಂದರೆ ಕಾಯುವಿಕೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಪ್ರಯೋಗ ಕೆಟ್ಟರೆ ನಾಳೆ ಮತ್ತೊಮ್ಮೆ ಮಾಡುವ ಅವಕಾಶವುಂಟು. ನೌಕೆಯನ್ನು ನಂಬಿದವನಿಗೆ ಆ ಅವಕಾಶ ಇನ್ನೊಂದು ನೌಕೆ ಸಿದ್ಧವಾದಾಗ ಮಾತ್ರ. ಚಂದ್ರಯಾನ-2ರ ವೃತ್ತಾಂತವೇ ಇದಕ್ಕೆ ನಿದರ್ಶನ. ಮೊದಲ ಯೋಜನೆಯಂತೆ ರಷ್ಯವು ಇಳಿಯುವ ನೌಕೆಯನ್ನು ಕೊಡಬೇಕಿತ್ತು. 2011ರಲ್ಲಿ ರಷ್ಯದ ಫೋಬೋಸ್-ಗ್ರುಂಟ್ ಯಾನ ವಿಫಲವಾದ ಬಳಿಕ ಆ ಏರ್ಪಾಡು ಮುರಿಯಿತು. ಭಾರತ ತನ್ನದೇ ನೌಕೆಯನ್ನು ಕಟ್ಟಿಕೊಳ್ಳಬೇಕಾಯಿತು. ಯಾನ ಹೊರಟುದು 2019ರ ಜುಲೈ 22ರಂದು. 2010ರ ಸುಮಾರಿಗೆ ಈ ಯಾನದ ಫಲವನ್ನೇ ನೆಚ್ಚಿ ಸಂಶೋಧನೆಗೆ ಸೇರಿದ ವಿದ್ಯಾರ್ಥಿಯೊಬ್ಬನನ್ನು ಕಲ್ಪಿಸಿಕೊಳ್ಳಿ. ಅವನ ವೇತನದ ಐದು ವರ್ಷಗಳು ನೌಕೆ ನೆಲ ಬಿಡುವುದಕ್ಕೆ ಎಷ್ಟೋ ಮೊದಲೇ ತೀರಿಹೋಗುತ್ತಿದ್ದುವು.

2019ರ ಸೆಪ್ಟೆಂಬರ್ 7ರ ನಡುರಾತ್ರಿಯನ್ನು ಯಾರೂ ಮರೆತಿಲ್ಲ. ಚಂದ್ರನೆಲದಿಂದ ಸುಮಾರು 2.1 ಕಿಲೋಮೀಟರ್ ಎತ್ತರದವರೆಗೆ ಎಲ್ಲವೂ ಸರಿಯಾಗಿ ನಡೆದು, ಅನಂತರ ವಿಕ್ರಮ ನೌಕೆಯ ಸಂಪರ್ಕ ಕಡಿಯಿತು. ದೇಶಕ್ಕೆ ಅದೊಂದು ನಿರಾಶೆ. ಆ ನೌಕೆಯ ಉಪಕರಣಗಳ ಅಂಕಿಗಳಿಗಾಗಿ ಪ್ರಬಂಧದ ಅಧ್ಯಾಯಗಳನ್ನು ಖಾಲಿ ಬಿಟ್ಟು ಕಾದಿರಬಹುದಾದ ತರುಣರಿಗೆ ಅದು ಬಾಳಿನ ತಿರುವು. ಹಳ್ಳಿಯಲ್ಲಿರುವ ತಂದೆತಾಯಿಗಳಿಗೆ ‘ಇನ್ನೆಷ್ಟು ವರ್ಷ ಓದು?’ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಇಂಥ ರಾತ್ರಿಗಳ ಮರುದಿನ ಸುಲಭವಲ್ಲ. ಜೊತೆಯಲ್ಲಿ ಓದಿದವರು ಆ ವೇಳೆಗೆ ಮನೆ ಕಟ್ಟಿರುತ್ತಾರೆ; ತಂಗಿಯ ಮದುವೆಯ ಭಾರ ಹೊತ್ತಿರುತ್ತಾರೆ. ಸಂಶೋಧಕನ ಕೈಯಲ್ಲಿರುವುದು ಅರ್ಧ ಮುಗಿದ ಪ್ರಬಂಧ ಮಾತ್ರ.

ಆದರೆ ವಿದ್ಯೆಯ ಫಲಕ್ಕೆ ಇನ್ನೊಂದು ಮುಖವುಂಟು. ಚಂದ್ರಯಾನ-2ರ ಕಕ್ಷಾನೌಕೆ ಕೆಡಲಿಲ್ಲ. ಅದು ಕಳುಹಿಸಿದ ಸೂಕ್ಷ್ಮ ಚಿತ್ರಗಳೇ ಮುಂದಿನ ಯಾನಕ್ಕೆ ಇಳಿದಾಣವನ್ನು ಆರಿಸಲು ನೆರವಾದುವು. ಚಂದ್ರಯಾನ-1ರ ಕಥೆಯೂ ಹೀಗೆಯೆ. 2008ರ ಅಕ್ಟೋಬರ್ 22ರಂದು ಹೊರಟ ಆ ನೌಕೆ ಎರಡು ವರ್ಷ ಬಾಳಬೇಕಿತ್ತು. 312 ದಿನಗಳಲ್ಲಿ ಅದರ ಸಂಪರ್ಕ ಹೋಯಿತು. ಆದರೂ ಅದರ ಅಂಕಿಗಳನ್ನು ಮತ್ತೆ ಪರಿಶೀಲಿಸಿದವರು 2018ರಲ್ಲಿ ಚಂದ್ರನ ಧ್ರುವಗಳ ನೆರಳುಕುಳಿಗಳಲ್ಲಿ ಹಿಮವಿರುವುದಕ್ಕೆ ಸಾಕ್ಷ್ಯವನ್ನು ಕಂಡರು. ನೌಕೆ ಮೌನವಾಗಿ ಒಂಬತ್ತು ವರ್ಷಗಳ ಮೇಲೆ ಅದರ ಮಾತನ್ನು ಕೇಳಿಸಿಕೊಂಡಂತಾಯಿತು. ಆದುದರಿಂದ ವಿವೇಕಿಯಾದ ಮಾರ್ಗದರ್ಶಕನು ಶಿಷ್ಯನ ಪ್ರಬಂಧವನ್ನು ಬರಲಿರುವ ನೌಕೆಯೊಂದಕ್ಕೇ ಕಟ್ಟಿಹಾಕುವುದಿಲ್ಲ. ಇರುವ ಅಂಕಿಗಳ ಮೇಲೆ ಅಡಿಪಾಯ ಹಾಕಿಸಿ, ಬರುವುದನ್ನು ಕಳಶವೆಂದು ತಿಳಿಸುತ್ತಾನೆ.

ಇಳಿದ ಮೇಲೆ ಕಂಡುದು

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ ನೌಕೆ ಚಂದ್ರನ ದಕ್ಷಿಣ ಭಾಗದಲ್ಲಿ, ಸುಮಾರು 69 ಅಂಶ ದಕ್ಷಿಣ ಅಕ್ಷಾಂಶದಲ್ಲಿ ಇಳಿಯಿತು. ಅದಕ್ಕೆ ಕೇವಲ ನಾಲ್ಕು ದಿನ ಮೊದಲು ರಷ್ಯದ ಲೂನಾ-25 ಅದೇ ಚಂದ್ರನಿಗೆ ಅಪ್ಪಳಿಸಿ ನಾಶವಾಗಿತ್ತು. ವಿಕ್ರಮನ ಒಡಲಿಂದ ಇಳಿದ ಪ್ರಜ್ಞಾನ ಸಂಚಾರಿಯ ತೂಕ 26 ಕಿಲೋಗ್ರಾಂ. ಅದು ಒಂದು ಚಂದ್ರಹಗಲಿನಲ್ಲಿ, ಎಂದರೆ ಭೂಮಿಯ ಹದಿನಾಲ್ಕು ದಿನಗಳೊಳಗೆ, ನೂರು ಮೀಟರಿಗೆ ತುಸು ಹೆಚ್ಚು ದೂರ ನಡೆದು 23 ಸ್ಥಳಗಳಲ್ಲಿ ಮಣ್ಣನ್ನು ಪರೀಕ್ಷಿಸಿತು. ಬೆಂಗಳೂರಿನಲ್ಲಿ ಸಿದ್ಧವಾದ ಲೇಸರ್ ಉಪಕರಣವು ಗಂಧಕದ ಇರುವಿಕೆಯನ್ನು ತೋರಿಸಿತು. ಅಹಮದಾಬಾದಿನ ಭೌತ ಸಂಶೋಧನಾಲಯದ ಕ್ಷಕಿರಣ ಉಪಕರಣವು ಮಣ್ಣಿನ ಮೂಲವಸ್ತುಗಳ ಪ್ರಮಾಣವನ್ನು ಅಳೆಯಿತು.

ಅದರ ಫಲ 2024ರ ಆಗಸ್ಟಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿಯ ಮಣ್ಣಿನಲ್ಲಿ ಪ್ರಧಾನವಾಗಿರುವುದು ಅನಾರ್ಥೊಸೈಟ್ ಜಾತಿಯ ಶಿಲೆಯ ಅಂಶ. ಸಿತ್ತಂಪೂಂಡಿಯ ಕಲ್ಲನ್ನು ಆರಿಸಿದವರ ವಿವೇಕಕ್ಕೆ ಚಂದ್ರನೇ ಒಪ್ಪಿಗೆಯ ಮುದ್ರೆಯೊತ್ತಿದಂತಾಯಿತು. ಈ ಫಲದ ಮಹತ್ತ್ವ ಅಷ್ಟಕ್ಕೆ ನಿಲ್ಲುವುದಿಲ್ಲ. ಚಂದ್ರನು ಹುಟ್ಟಿದ ಹೊಸದರಲ್ಲಿ, ಸುಮಾರು 450 ಕೋಟಿ ವರ್ಷಗಳ ಹಿಂದೆ, ಅವನ ಮೈಯೆಲ್ಲ ಕುದಿಯುವ ಶಿಲಾರಸದ ಸಮುದ್ರವಾಗಿದ್ದಿತೆಂಬುದು ಅಪೋಲೋ ಕಾಲದಲ್ಲಿ ಹುಟ್ಟಿದ ಸಿದ್ಧಾಂತ. ಆ ಸಮುದ್ರ ಆರುವಾಗ ಭಾರವಾದ ಖನಿಜಗಳು ಮುಳುಗಿದುವು. ಹಗುರವಾದ ಪ್ಲೇಜಿಯೋಕ್ಲೇಸ್ ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟುವಂತೆ ತೇಲಿ ಬಂದು ಬಿಳಿಯ ಹೊರಪದರವಾಯಿತು. ಈ ಸಿದ್ಧಾಂತ ನಿಜವಾದರೆ ದಕ್ಷಿಣದ ಎತ್ತರದ ನೆಲದಲ್ಲಿಯೂ ಅದೇ ಕೆನೆ ಸಿಗಬೇಕು. ಪ್ರಜ್ಞಾನ ಅಲ್ಲಿ ನಡೆದು ನೋಡುವವರೆಗೆ ಆ ಭಾಗದಲ್ಲಿ ಯಾರೂ ನೆಲ ಮುಟ್ಟಿ ನೋಡಿರಲಿಲ್ಲ. ನೋಡಿದಾಗ ಅದು ಸಿಕ್ಕಿತು. ಅದರೊಡನೆ ಮೆಗ್ನೀಸಿಯಂ ಅಂಶವುಳ್ಳ ಖನಿಜಗಳು ನಿರೀಕ್ಷೆಗಿಂತ ಹೆಚ್ಚಾಗಿದ್ದುವು. ಸುಮಾರು 2,500 ಕಿಲೋಮೀಟರ್ ವ್ಯಾಸದ ದಕ್ಷಿಣಧ್ರುವ-ಐಟ್ಕೆನ್ ಮಹಾಕುಳಿ ಉಂಟಾದಾಗ ಆಳದಿಂದ ಸಿಡಿದು ಬಂದು ಬೆರೆತ ದ್ರವ್ಯ ಅದಾಗಿರಬಹುದೆಂಬುದು ವಿದ್ವಾಂಸರ ಅಭಿಪ್ರಾಯ. ಒಂದು ಪ್ರಶ್ನೆ ತೀರಿತು, ಮತ್ತೊಂದು ಹುಟ್ಟಿತು. ಈಗ ಶಾಲೆಯಲ್ಲಿರುವ ಮಕ್ಕಳಿಗೆ ಉಳಿದಿರುವುದು ಆ ಮತ್ತೊಂದು.

ಅವರಿಗೆ ಅವಕಾಶಗಳೂ ಮುಂದಿವೆ. ಚಂದ್ರನ ಮಣ್ಣನ್ನು ಭಾರತಕ್ಕೆ ತರಬೇಕಾದ ಚಂದ್ರಯಾನ-4ಕ್ಕೆ ಕೇಂದ್ರ ಸಚಿವ ಸಂಪುಟ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಅಪೋಲೋ ಯಾತ್ರಿಕರು ತಂದುದು 382 ಕಿಲೋಗ್ರಾಂ. ಐವತ್ತು ವರ್ಷ ಕಳೆದರೂ ಅದರ ಪರಿಶೋಧನೆ ಮುಗಿದಿಲ್ಲ. ಚೀನ ದೇಶವು 2020ರಲ್ಲಿಯೂ 2024ರಲ್ಲಿಯೂ ಚಂದ್ರನ ಮಣ್ಣನ್ನು ತಂದಿತು. ಭಾರತದ ಪೆಟ್ಟಿಗೆ ಬಂದ ದಿನ ಅದನ್ನು ತೆರೆಯಲು ಪಳಗಿದ ಕೈಗಳು ಬೇಕು. ಅಂಥ ಕೈ ಪಳಗುವುದಕ್ಕೆ ಹತ್ತು ಹದಿನೈದು ವರ್ಷಗಳು ಬೇಕು. ಆ ಎಣಿಕೆಯಲ್ಲಿ ಕಾಲ ಈಗಾಗಲೇ ಓಡುತ್ತಿದೆ.

ಅಧ್ಯಾಪಕರೂ ದಾನಿಗಳೂ ಮಾಡಬಹುದಾದುದು

ಈ ವಿದ್ಯೆಗೆ ಮೂಲಪುರುಷರೆನಿಸಿದ ಅಮೆರಿಕದ ಯೂಜೀನ್ ಶೂಮೇಕರರು ಸ್ವತಃ ಚಂದ್ರನಿಗೆ ಹೋಗಬೇಕೆಂದು ಹಂಬಲಿಸಿದ್ದರು. ದೇಹಾಲಸ್ಯ ಅದಕ್ಕೆ ಅಡ್ಡಿಯಾಯಿತು. ಅವರು ಇತರರಿಗೆ ಕಲ್ಲನ್ನು ಓದುವ ಪಾಠ ಹೇಳಿದರು. 1972ರ ಡಿಸೆಂಬರಿನಲ್ಲಿ ಹ್ಯಾರಿಸನ್ ಸ್ಮಿಟ್ ಎಂಬ ಭೂವಿಜ್ಞಾನಿ ಚಂದ್ರನ ಮೇಲೆ ನಡೆದರು. ಶೂಮೇಕರರು ತೀರಿಕೊಂಡ ಬಳಿಕ ಅವರ ಚಿತಾಭಸ್ಮದ ಒಂದು ಭಾಗ ನೌಕೆಯೊಂದರಲ್ಲಿ ಸಾಗಿ 1999ರಲ್ಲಿ ಚಂದ್ರನನ್ನು ಸೇರಿತು. ತಾನು ತಲುಪಲಾಗದ ಸ್ಥಳಕ್ಕೆ ಶಿಷ್ಯರನ್ನು ತಲುಪಿಸುವುದು ಗುರುವಿನ ಕಾಯಕವೆಂಬ ಮಾತಿಗೆ ಇದಕ್ಕಿಂತ ಮಿಗಿಲಾದ ಉದಾಹರಣೆ ಬೇಕಿಲ್ಲ.

ಅಧ್ಯಾಪಕರು ಮಾಡಬಹುದಾದ ಕೆಲಸಕ್ಕೆ ದುಬಾರಿ ಉಪಕರಣ ಬೇಕಾಗಿಲ್ಲ. ಮಕ್ಕಳನ್ನು ಊರ ಹೊರಗಿನ ಬಂಡೆಯ ಬಳಿಗೆ ಕರೆದೊಯ್ದು ಪಟ್ಟೆಯ ಕಲ್ಲಿಗೂ ಗ್ರ್ಯಾನೈಟಿಗೂ ಭೇದವನ್ನು ತೋರಿಸುವುದು. ಬೆಣಚುಕಲ್ಲು, ಅಭ್ರಕ, ಬಳಪದ ಕಲ್ಲುಗಳನ್ನು ಹೆಸರಿನಿಂದ ಗುರುತಿಸಲು ಕಲಿಸುವುದು. ಶಾಲೆಯ ಒಂದು ಕಪಾಟಿನಲ್ಲಿ ತಾಲ್ಲೂಕಿನ ಶಿಲೆಗಳ ಸಂಗ್ರಹವನ್ನು ಇಡುವುದು. ಶಿಲಾಪದಗಳಿಗೆ ಕನ್ನಡದಲ್ಲಿ ನೆಲೆ ಕಲ್ಪಿಸುವುದೂ ಅಧ್ಯಾಪಕರ ಹೊಣೆಯೆ. ಕಲ್ಲುಕುಟಿಗರ ಬಾಯಲ್ಲಿ ಇರುವ ಕಗ್ಗಲ್ಲು, ಬೆಣಚು, ಬಳಪಗಳಂಥ ಮಾತುಗಳನ್ನು ಪಠ್ಯಕ್ಕೆ ತಂದರೆ ಮಗುವಿಗೆ ವಿಜ್ಞಾನ ಪರದೇಶದ ಸರಕಾಗಿ ಕಾಣುವುದಿಲ್ಲ. ಬಂಡೆಗಳನ್ನು ಕಾಪಾಡುವುದೂ ಅಷ್ಟೇ ಅಗತ್ಯ. ಲಾಲ್‌ಬಾಗಿನ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ರಕ್ಷಣೆಯುಂಟು. ಹಳ್ಳಿಯ ಬಂಡೆಗೆ ಆ ಭಾಗ್ಯವಿಲ್ಲ. ಮನೆ ಕಟ್ಟಲು ಕಲ್ಲು ಬೇಕು, ನಿಜ. ಆದರೆ ಒಂದು ಗುಡ್ಡವನ್ನು ಪೂರ್ತಿ ಜಲ್ಲಿಯಾಗಿಸುವ ಮೊದಲು ಅದರ ಒಂದು ಮೂಲೆಯನ್ನಾದರೂ ಮಕ್ಕಳ ಓದಿಗೆ ಉಳಿಸಬಾರದೆ? ಶಾಸನವನ್ನು ಒಡೆದರೆ ನೊಂದುಕೊಳ್ಳುವ ಸಮಾಜ 300 ಕೋಟಿ ವರ್ಷದ ಬರಹ ಒಡೆದಾಗಲೂ ಒಂದು ಗಳಿಗೆ ಯೋಚಿಸಬೇಕು.

ದಾನಿಗಳ ವಿಷಯದಲ್ಲಿ ಈ ನಾಡಿಗೆ ಹೇಳಿಕೊಡಬೇಕಾದುದು ಕಡಿಮೆ. ಅನ್ನವನ್ನೂ ಅಕ್ಷರವನ್ನೂ ಕೂಡಿಸಿ ನೀಡುವ ದಾಸೋಹದ ಪರಂಪರೆ ತುಮಕೂರಿನ ಮಣ್ಣಿನಲ್ಲಿಯೇ ಇದೆ. ಅದರ ನೆರಳಿನಲ್ಲಿ ಓದಿದವರು ದೇಶದ ಎಲ್ಲ ಕಡೆಗಳಲ್ಲಿ ಇದ್ದಾರೆ. ಸಂಶೋಧನ ವೇತನವನ್ನು ಸರ್ಕಾರ ಕೊಡುತ್ತದೆ. ಆದರೆ ಆ ವೇತನ ಸಿಗುವುದಕ್ಕೆ ಮೊದಲಿನ ಎರಡು ಮೂರು ವರ್ಷಗಳಲ್ಲಿಯೇ ಬಡ ವಿದ್ಯಾರ್ಥಿಗಳು ದಾರಿ ಬಿಟ್ಟು ಹೋಗುತ್ತಾರೆ. ಎಂ.ಎಸ್ಸಿ. ತರಗತಿಯ ಶುಲ್ಕ, ಪರೀಕ್ಷೆಯ ತಯಾರಿಯ ವರ್ಷದ ಊಟ ವಸತಿ, ಕ್ಷೇತ್ರಕಾರ್ಯಕ್ಕೆ ಹೋಗಿಬರುವ ಬಸ್ಸಿನ ಹಣ, ಇಂಗ್ಲಿಷಿನ ಅಂಜಿಕೆಯನ್ನು ಕಳೆಯುವ ತರಬೇತಿ, ಇವು ದೊಡ್ಡ ಮೊತ್ತಗಳಲ್ಲ. ಒಂದು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ವೆಚ್ಚದಲ್ಲಿ ಒಬ್ಬ ವಿದ್ಯಾರ್ಥಿ ಆ ಕಲ್ಲನ್ನೇ ಓದಲು ಕಲಿಯಬಹುದು.

ಪ್ರತಿಯೊಬ್ಬ ವಿದ್ಯಾರ್ಥಿಯೂ ಚಂದ್ರನ ಶಿಲೆಯನ್ನು ಪರಿಶೋಧಿಸಲಾರನು. ಅದು ಅಗತ್ಯವೂ ಅಲ್ಲ. ಈ ದಾರಿ ಹಿಡಿದವರಲ್ಲಿ ಕೆಲವರು ಅಂತರ್ಜಲವನ್ನು ಶೋಧಿಸುವರು, ಕೆಲವರು ಗಣಿಗಳಲ್ಲಿ ದುಡಿಯುವರು, ಕೆಲವರು ಇದೇ ಶಾಲೆಗಳಿಗೆ ಅಧ್ಯಾಪಕರಾಗಿ ಮರಳುವರು. ಯಾವ ಕೆಲಸದಲ್ಲಿದ್ದರೂ ಕಂಡುದನ್ನು ಕಂಡಂತೆ ಹೇಳುವುದು, ಗೊತ್ತಿಲ್ಲದುದನ್ನು ಗೊತ್ತಿಲ್ಲವೆನ್ನುವುದು, ಫಲಕ್ಕಾಗಿ ತಾಳ್ಮೆಯಿಂದ ಕಾಯುವುದು ಎಂಬ ಮೂರು ಗುಣಗಳು ಅವರಿಗೆ ಈ ವಿದ್ಯೆಯಿಂದ ಬಂದಿರುತ್ತವೆ. ಬಯಲುಸೀಮೆಯ ಬಂಡೆಗಳ ನಡುವೆ ಬೆಳೆಯುತ್ತಿರುವ ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ಚಂದ್ರನಿಂದ ಬಂದ ಪೆಟ್ಟಿಗೆಯ ಮುಂದೆ ಕುಳಿತು ಆ ಬರಹದ ಮೊದಲ ಸಾಲನ್ನು ಓದುವಂತಾಗಲಿ. ಓದಿದುದನ್ನು ಕನ್ನಡದಲ್ಲಿ ನಾಡಿಗೆ ತಿಳಿಸುವಂತಾಗಲಿ.